ಬಾಯಿ ಬಿಡದೆ ಓದುವುದು

ಖಾಸಬಾಗ, ಬೆಳಗಾವಿ
೧೭ ಜನವರಿ ೧೯೨೬, ರವಿವಾರ

ಪೂಜ್ಯ ಅಪ್ಪನವರ ಪಾದಗಳಿಗೆ ನಿಮ್ಮ ಮಗ ನೇಮಣ್ಣನ ನಮಸ್ಕಾರಗಳು.

ನಿಮ್ಮ ಪ್ರಕೃತಿ ಹೇಗಿದೆ? ಅವ್ವನ ಮೊಣಕಾಲು ನೋವು ಇಳಿಯಿತೇ? ನಂದಗಡದಲ್ಲಿ ಈ ಸಲ ಥಂಡಿ ವಿಪರೀತ ಎಂದು ಕಳೆದ ಪತ್ರದಲ್ಲಿ ತಿಳಿಸಿದ್ದಿರಿ. ಆ ಪತ್ರವನ್ನೂ ನೀವು ಸೊಸೆಯಿಂದಲೇ ಬರೆಸಿದ್ದಿರಿ. ‘ಬೆರಳ ಸೆಟದಾವಪಾ, ಲೇಖಣಿಕಿ ಹಿಡಿಯಾಕ ಬರವಲ್ದು’ ಅಂತ ನೀವು ಹೇಳಿದ್ದನ್ನು ಆಕೆ ಹಾಗೇ ಇಳಿಸಿದ್ದಾಳೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬೆರಳಿಗೆ ತಿಕ್ಕಿಕೊಳ್ಳಿ. ಸಾಲೆಗೆ ಹೋಗುವಾಗ ಕಂಬಳಿ ಹೊದ್ದುಕೊಂಡು ಹೋಗಿ. ‘ಮಾಸ್ತರ ಕಂಬಳಿ ಹೊತ್ತರ ಹುಡುಗರು ಕುರಿ ಹಂಗ ಬ್ಯಾ ಅಂತಾವ’ ಎಂದು ನೀವು ನಗುತ್ತೀರಿ, ಗೊತ್ತು. ನಕ್ಕಾದರೂ ಹೊದ್ದುಕೊಳ್ಳಿ.

ನನ್ನ ಸಮಾಚಾರ ಹೇಳುವಂಥದ್ದೇನೂ ಇಲ್ಲ. ಖೋಲಿಯ ಎರಡೂ ಬಾಜು ಮಗ್ಗಗಳಿವೆ. ಬೆಳಗಾದರೆ ಲಟಕ್ ಪಟಕ್ ಶುರುವಾಗುತ್ತದೆ, ಓದಲು ಕೂತರೆ ತಲೆಯೊಳಗೇ ಯಾರೋ ನೇಯುತ್ತಿದ್ದಾರೆ ಅನಿಸುತ್ತದೆ. ಟ್ರೇನಿಂಗ್ ಸಾಲೆಯ ಪಾಠ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲವೆಂದು ಖಾನಾವಳಿಯವನಿಗೆ ಎಷ್ಟು ಸಲ ಹೇಳಿದರೂ ಆತ ‘ಮಾಸ್ತರ, ದೇವರು ಇಷ್ಟ ದೂರ ಬಂದು ನೋಡಾಂಗಿಲ್ರಿ, ಕುಂದರ್ರಿ’ ಅಂತ ತಾಟು ಹಾಕುತ್ತಾನೆ. ಎದ್ದು ಬರುತ್ತೇನೆ. ಮೈ ಸ್ವಲ್ಪ ಇಳಿದಿದೆ. ಇದನ್ನು ಅವ್ವನಿಗೆ ಹೇಳಬೇಡಿ ಅಂತ ಬರೆಯಬೇಕೆಂದಿದ್ದೆ, ಆದರೆ ಪತ್ರ ಬಂದಾಗ ಅವ್ವ ನಿಮ್ಮ ಪಕ್ಕದಲ್ಲೇ ಕೂತಿರುತ್ತಾಳಲ್ಲ. ಸಂಜೆ ಖೋಲಿಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಸ್ಟೇಶನ್ನಿನ ತನಕ ನಡೆದು ಹೋಗಿ ನಮ್ಮೂರಿನ ದಿಕ್ಕಿಗೆ, ಖಾನಾಪುರದ ಕಡೆ ಹೋಗುವ ಗಾಡಿ ನೋಡಿ ಬರುತ್ತೇನೆ. ಹತ್ತುವುದಂತೂ ಇಲ್ಲ, ಸುಮ್ಮನೆ ನೋಡುವುದು.

ಇಲ್ಲಿ ಏನು ಕಲಿಸುತ್ತಾರೆಂದು ಕೇಳಿದ್ದಿರಿ. ಈಗಾಗಲೇ ಸಾಲೆ ನಡೆಸುತ್ತಿರುವ ನಮ್ಮಂಥ ಮಾಸ್ತರರಿಗೆ, ಮಕ್ಕಳಿಗೆ ಓದುವುದನ್ನು ಹೇಗೆ ಕಲಿಸಬೇಕು ಎಂಬುದನ್ನೇ ಮತ್ತೆ ಕಲಿಸುತ್ತಾರೆ. ಕಲಿಸುವವರು ಪಂಢರಿನಾಥ ಮಾಸ್ತರರು. ಮೊದಲ ವಾರ ನಾನು ಎಲ್ಲರೆದುರು ಒಂದು ಪಾಠ ಮಾಡಿದೆ. ಹುಡುಗರು ಗಡಗಡ ಓದಿದರು, ನನಗೆ ಹೆಮ್ಮೆಯಾಯಿತು. ಪಂಢರಿನಾಥ ಮಾಸ್ತರರು ಎದ್ದು ಬಂದು ಅದೇ ಪಾಠದ ಶಬ್ದಗಳನ್ನು ಹಿಂದುಮುಂದು ಮಾಡಿ ಹಲಗೆಯ ಮೇಲೆ ಬರೆದರು. ಒಬ್ಬ ಹುಡುಗನೂ ಬಾಯಿ ತೆರೆಯಲಿಲ್ಲ. ‘ಇನ್ನ ಮ್ಯಾಲೆ ಬಾಯಿ ನೋಡಬ್ಯಾಡ್ರಿ, ಕಣ್ಣ ನೋಡ್ರಿ’ ಅಂದರು. ‘ಓದೂ ಹುಡುಗನ ಕಣ್ಣ ಸಾಲಿನ ಗುಂಟ ಓಡತಾವ, ತುದಿ ಮುಟ್ಟಿದ ಮ್ಯಾಲೆ ಹೊಳ್ಳಿ ಬರತಾವ. ಬಾಯಿಪಾಠ ಹೇಳೂವನ ಕಣ್ಣ ಒಂದ ಕಡೆ ನಿಂತಿರತಾವ.’ ಈಗ ಅವರು ಹಿಡಿದಿರುವುದು ಬಾಯಿ ಬಿಡದೆ ಓದುವ ಅಭ್ಯಾಸ. ತರಗತಿಗೆ ತರಗತಿಯೇ ಗಪ್ಪಾಗಿ ಕೂತು ಓದಬೇಕು, ತುಟಿ ಅಲುಗಬಾರದು, ಆಮೇಲೆ ಓದಿದ್ದನ್ನು ಹೇಳಬೇಕು. ನೀವು ಇದಕ್ಕೆ ನಗುತ್ತೀರಿ. ಇಲ್ಲಿ ದುಂಡಪ್ಪ ಮಾಸ್ತರರೂ ನಕ್ಕರು. ‘ತುಟಿ ಅಳ್ಳಾಡಸದ ಓದೂದು ಅಂದ್ರ ನಮ್ಮ ಎಮ್ಮಿನೂ ಓದತೈತಿ ಬಿಡ್ರಿ’ ಅಂದರು. ಪಂಢರಿನಾಥ ಮಾಸ್ತರರೂ ನಕ್ಕುಬಿಟ್ಟರು.

ಈ ದುಂಡಪ್ಪ ಮಾಸ್ತರರು ಖಾನಾಪುರದ ಆಚೆಯ ಒಂದು ಹಳ್ಳಿಯವರು, ಹೆಚ್ಚುಕಡಿಮೆ ನಿಮ್ಮ ವಾರಿಗೆಯವರು. ಒಂದನೆಯ ಪುಸ್ತಕದಿಂದ ನಾಲ್ಕನೆಯದರವರೆಗೆ ಎಲ್ಲಾ ಪಾಠಗಳೂ ಅವರ ನಾಲಿಗೆಯ ಮೇಲಿದ್ದವು. ಎಲ್ಲಿ ಕೇಳಿದರೂ ಅಲ್ಲಿಂದ ಹಿಡಿದು ಹೇಳುತ್ತಿದ್ದರು, ಅದೂ ಎಷ್ಟು ಇಂಪಾಗಿ! ನನ್ನನ್ನು ‘ಏ ನಂದಗಡದಾವಾ’ ಎಂದೇ ಕರೆಯುತ್ತಿದ್ದರು, ನಿಮ್ಮ ಹೆಸರು ಕೇಳಿ ಬಲ್ಲರಂತೆ. ಮೊನ್ನೆ ಬುಧವಾರ ಮೇಲಿನ ಸಾಹೇಬರು ತಪಾಸಣೆಗೆ ಬಂದರು. ಹುಡುಗರನ್ನಲ್ಲ, ನಮ್ಮನ್ನೇ ಓದಿಸುವವರು. ಹಿಂದೆ ಯಾರೂ ನೋಡದ ಒಂದು ಹಾಳೆ ಕೈಗೆ ಕೊಟ್ಟು ಓದಿ ಅರ್ಥ ಹೇಳಿರೆಂದರು. ದುಂಡಪ್ಪ ಮಾಸ್ತರರು ಹಾಳೆ ಹಿಡಿದು ನಿಂತರು. ಹತ್ತಿರ ತಂದರು, ದೂರ ಹಿಡಿದರು. ‘ಚಾಳೀಸ ಖೋಲ್ಯಾಗ ಬಿಟ್ಟ ಬಂದೇನ್ರಿ’ ಅಂದರು. ಯಾರೋ ತಮ್ಮ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು, ಅಪ್ಪಾ, ಓದತೊಡಗಿದರು. ಎಲ್ಲೂ ತಡವರಿಸಲಿಲ್ಲ. ಆದರೆ ಓದಿದ್ದು ಎರಡನೆಯ ಪುಸ್ತಕದ ನರಿಯ ಪಾಠ. ಹಾಳೆಯಲ್ಲಿ ಇದ್ದದ್ದು ಕೆರೆ ಕಟ್ಟುವ ವಿಷಯ. ಹಿಂದಿನ ಬಾಕಿನ ಮೇಲೆ ಕೂತಿದ್ದ ಇಬ್ಬರು ಕಿಸಕ್ಕೆಂದರು. ದುಂಡಪ್ಪ ಮಾಸ್ತರರಿಗೆ ಆ ನಗೆ ಕೇಳಿಸಿತು, ಆದರೂ ನಿಲ್ಲಿಸಲಿಲ್ಲ, ದನಿ ಏರಿಸಿ ನರಿಯನ್ನು ಕಾಡಿನ ತನಕ ಮುಟ್ಟಿಸಿಯೇ ಬಿಟ್ಟರು. ಪಂಢರಿನಾಥ ಮಾಸ್ತರರು ಹೋಗಿ ಅವರ ಕೈಯಿಂದ ಹಾಳೆ ತೆಗೆದುಕೊಂಡು ‘ಸಾಕ್ರಿ ಮಾಸ್ತರ, ಛಲೋ ಓದಿದ್ರಿ, ಕುಂದರ್ರಿ’ ಅಂದರು. ಸಾಹೇಬರು ತಲೆ ಎತ್ತದೆ ಏನೋ ಬರೆದುಕೊಂಡರು.

ಮರುದಿನ ಊರಿಗೆ ಹೊರಟ ದುಂಡಪ್ಪ ಮಾಸ್ತರರ ಗಂಟನ್ನು ನಾನೇ ಹೊತ್ತು ಸ್ಟೇಶನ್ನಿಗೆ ಹೋದೆ. ಅವರು ನನ್ನ ತೋಳು ಹಿಡಿದು ನಡೆದರು, ಇಷ್ಟು ದಿನ ಯಾರ ತೋಳನ್ನೂ ಹಿಡಿಯದೆ ಹೇಗೆ ಓಡಾಡಿದರೋ. ಬಾಕನ್ನು ಕೈಯಿಂದ ತಡವಿ ಕೂತರು. ಆಮೇಲೆ ಹೇಳಿದರು: ‘ಹುಡುಗರ ಮುಂದ ಆಗಿದ್ರ ಬೆತ್ತ ತೋರಸ್ತಿದ್ದೆ. ಮಾಸ್ತರಗೋಳ ಮುಂದ ಆತಲ್ಲೋ ತಮ್ಮಾ.’ ಕಣ್ಣಿಗೆ ಪೊರೆ ಶುರುವಾದಾಗ ಸಾಲೆಯ ಕೆಲಸ ಹೋಗುತ್ತದೆಂದು ಹೆದರಿ ಹೆಂಡತಿಗೂ ಹೇಳಿರಲಿಲ್ಲವಂತೆ. ಇಲ್ಲಿಗೆ ಬಂದ ಮೇಲೆ ಡಾಕ್ಟರನಿಗೆ ತೋರಿಸಿದರೆ, ಮೊದಲೇ ಬಂದಿದ್ದರೆ ಪೊರೆ ತೆಗೆಯಬಹುದಿತ್ತು, ಈಗ ಕಣ್ಣು ಒಳಗೇ ಕೆಟ್ಟುಹೋಗಿದೆ ಎಂದನಂತೆ. ಗಾಡಿ ಬಂತು. ‘ಇದ ನಂದ ಗಾಡಿ ಹೌದಿಲ್ಲ, ಖರೇ ಹೇಳ’ ಎಂದು ಕೇಳಿದರು. ಹೌದೆಂದೆ. ಕೂರಿಸಿ ಬಂದೆ. ಅಂದಿನಿಂದ ಓದಿನಲ್ಲಿ ಮನಸ್ಸಿಲ್ಲ.

ಯುಗಾದಿಯ ನಂತರ ನಮ್ಮ ತಾಲೂಕಿನ ಹಿರಿಯ ಮಾಸ್ತರರನ್ನೆಲ್ಲ ಇದೇ ತರಗತಿಗೆ ಕರೆಯುತ್ತಾರೆಂದು ಸುದ್ದಿ. ಬಾರದವರು, ಬಂದು ಓದಲಾಗದವರು ಸಾಲೆ ಬಿಡಬೇಕಂತೆ. ನೀವು ಹಿಂದೊಮ್ಮೆ ‘ನನ್ನ ಕರೀಲಿ, ಆ ನಿಮ್ಮ ಪಂಢರಿನಾಥಗ ನಾನ ಓದಾಕ ಕಲಸ್ತೇನಿ’ ಎಂದು ಬರೆಸಿದ್ದನ್ನು ಇಲ್ಲಿ ಓದಿ ಹೇಳಿದ್ದೆ, ಎಲ್ಲರೂ ನಕ್ಕಿದ್ದರು. ಈಗ ಆ ಮಾತು ನೆನಪಾದರೆ ನಗೆ ಬರುವುದಿಲ್ಲ.

ಹೆಚ್ಚಿಗೆ ಏನು ಬರೆಯಲಿ. ಅವ್ವನಿಗೆ ನಮಸ್ಕಾರ. ಬಸದಿಗೆ ಹೋದಾಗ ನನ್ನ ಹೆಸರಿನಲ್ಲೂ ಕೈಮುಗಿಯಿರಿ. ನಿಮ್ಮ ಆಶೀರ್ವಾದವೊಂದಿರಲಿ, ಉಳಿದದ್ದು ಹೇಗೋ ಸಾಗುತ್ತದೆ.

ನಿಮ್ಮ ಮಗ,
ನೇಮಣ್ಣ

ತಾ.ಕ.: ರಾಜಮತಿ. ಹಿರಿಯರಿಗೆ ಬರೆದ ಪತ್ರದಲ್ಲಿ ಹೆಂಡತಿಯ ಹೆಸರು ಬರೆಯುವವರು ಯಾರೂ ಇಲ್ಲ. ಅದನ್ನು ಕಂಡೊಡನೆ ನೀನು ಗಪ್ಪಾಗುತ್ತೀ ಎಂದೇ ಮೊದಲು ಬರೆದೆ. ಇಲ್ಲಿಂದ ಬಾಯಿ ಬಿಡದೆ ಓದು. ಯಾಕೆ ನಿಲ್ಲಿಸಿದಿ ಎಂದು ಅಪ್ಪ ಕೇಳಿದರೆ ಕೆಮ್ಮು. ನನ್ನ ಪತ್ರಗಳನ್ನು ಓದುವವಳು ನೀನೇ ಎಂದು ನನಗೆ ಗೊತ್ತು, ಬೆರಳು ಸೆಟೆಯುವುದು ಬರೀ ನೆವ ಎಂದೂ ಗೊತ್ತು. ದೀಪಾವಳಿಯ ನಸುಕಿನಲ್ಲಿ ಬಸದಿಯಲ್ಲಿ ಅಪ್ಪ ಪೂಜೆಯ ಪಾಠ ಓದುತ್ತಿದ್ದಾಗ ಗಾಳಿಗೆ ದೀಪ ಆರಿತು. ಮತ್ತೆ ಹಚ್ಚುವ ತನಕ ಅವರು ಓದುತ್ತಲೇ ಇದ್ದರು. ಎಂಥ ಭಕ್ತಿ ಅಂತ ಜನ ಕೈಮುಗಿದರು, ನಾನೂ ಮುಗಿದೆ. ದೀಪ ಆರಿದ್ದೇ ಅವರಿಗೆ ತಿಳಿದಿರಲಿಲ್ಲ. ದುಂಡಪ್ಪ ಮಾಸ್ತರರ ಸುದ್ದಿ ಓದುವಾಗ ಅವರ ಮುಖ ಹೇಗಾಯಿತೆಂದು ನೀನು ನೋಡಿರಬೇಕು. ಯಾರಿಗೂ ಹೇಳಬೇಡವೆಂದು ನಿನಗೆ ಆಣೆ ಹಾಕಿದ್ದಾರೆ ಅಂದುಕೊಂಡಿದ್ದೇನೆ. ಆಣೆ ಮುರಿಯಬೇಡ, ನಾನು ಹೇಳಿದ್ದಷ್ಟು ಮಾಡು. ಮಿರಜದ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆ, ಆದರೆ ಬೇಗ ಹೋಗಬೇಕು. ತಮ್ಮ ಕಣ್ಣಿಗಾಗಿ ಅವರು ಹೊಸಿಲು ದಾಟುವವರಲ್ಲ, ನನಗಾಗಿ ಬಂದಾರು. ಖಾನಾವಳಿಯ ಸುದ್ದಿ, ಮೈ ಇಳಿದದ್ದು, ಎಲ್ಲ ಅದಕ್ಕೇ ಬರೆದದ್ದು. ಈಗ ದನಿ ತೆಗೆದು ಹೀಗೆ ಓದು: ‘ತಾಜಾ ಕಲಂ. ಮೇಲೆ ಬರೆಯಲು ಮನಸ್ಸಾಗಲಿಲ್ಲ. ನನಗೆ ಜ್ವರ ಬಿಟ್ಟಿಲ್ಲ, ಗಂಜಿಯೂ ಇಳಿಯುತ್ತಿಲ್ಲ. ಅಪ್ಪ ಒಮ್ಮೆ ಬಂದರೆ ಸಾಕು.’ ನೀನೂ ಅವ್ವನೂ ಜೊತೆಗೆ ಬನ್ನಿ, ಅವರಿಗೆ ಗಾಡಿ ಹತ್ತಿಳಿಯಲು ನಿನ್ನ ಕೈ ಬೇಕು. ಮಿರಜದ ಗಾಡಿ ಹತ್ತಿಸಿ ಖರೇ ಹೇಳುವುದು, ಬೈಗುಳ ತಿನ್ನುವುದು ನನ್ನ ಪಾಲಿಗಿರಲಿ. ಮರಳಿನ ಮೇಲೆ ನಿನಗೆ ಅಕ್ಷರ ತಿದ್ದಿಸುವಾಗ, ಬರೆದದ್ದಕ್ಕೆ ಒಂದು ಶಬ್ದ ಸೇರಿಸಿ ಓದಿದರೂ ಅಪ್ಪ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು ಎಂದು ನೀನೇ ಹೇಳಿದ್ದೀ. ಇಂದು ಜ್ವರದ ಜೊತೆಗೆ ಇನ್ನೇನು ಸೇರಿಸಿದರೆ ಅವರು ಎದ್ದು ಹೊರಡುತ್ತಾರೋ ಅದನ್ನೂ ಸೇರಿಸು. ಆದರೆ ಓದುವಾಗ ಕಣ್ಣು ಕಾಗದದ ಮೇಲೆಯೇ ಓಡಾಡುತ್ತಿರಲಿ. ಅಪ್ಪನಿಗೆ ಕಾಣುವುದಿಲ್ಲವೆಂದು ಎತ್ತಲೋ ನೋಡಬೇಡ, ಅವ್ವ ನಿನ್ನ ಮುಖವನ್ನೇ ನೋಡುತ್ತಾ ಕೂತಿರುತ್ತಾಳೆ.