ಮುಳ್ಳು ಉಜ್ಜಿದ ಮೂರು ಗಾಳ

ಚಾಚಾ,

ಶರಣು ಹೇಳಲೋ, ಸಲಾಂ ಹೇಳಲೋ? ನೀವಿದ್ದಾಗ ಎರಡನ್ನೂ ಒಟ್ಟಿಗೇ ಹೇಳಿ ನಗಿಸುತ್ತಿದ್ದೆ. ಈಗ ಯಾವುದನ್ನು ಹೇಳುವುದಕ್ಕೂ ಮುಖವಿಲ್ಲ. ನನ್ನ ಮೇಲೆ ನನಗೇ ಹೇಸಿಕೆ ಬಂದಿದೆ. ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ಮೊದಲ ಸಲ ನನ್ನನ್ನು ಕಾರಂಜಾ ಹಿನ್ನೀರಿಗೆ ಕರೆದೊಯ್ದದ್ದು ನೆನಪಿದೆಯೇ? ನೀವು ನಮ್ಮ ಭಾಲ್ಕಿ ಶಾಲೆಯ ಬಡಗಿ ಮಾಸ್ತರ್, ನಾನು ಗಣಿತದವನು. "ಕೊರಳಾಗ ಲಿಂಗ, ಕೈಯಾಗ ಗಾಳ, ಎಂಥಾ ಚಂದರಿ!" ಎಂದು ನನ್ನ ಹೆಂಡತಿ ಉಗಿದಿದ್ದಳು. ಅದನ್ನು ಕೇಳಿ ನೀವು ಕಬ್ಬಿಣ ಉಜ್ಜುವ ಕಾನಸು ತಂದು, ನನ್ನ ಗಾಳದ ತುದಿಯಲ್ಲಿದ್ದ ಸಣ್ಣ ಮುಳ್ಳನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದಿರಿ. "ಇನ್ನ ಮೀನಿನ ಬಾಯಿ ಹರಿಯಂಗಿಲ್ಲ ಮಾಸ್ತರ್. ಹಿಡೀರಿ, ನೋಡ್ರಿ, ಬಿಟ್ಟುಬಿಡ್ರಿ." ನಿಮ್ಮ ಗಾಳಕ್ಕೆ ಎರೆಹುಳು, ನನ್ನದಕ್ಕೆ ಜೋಳದ ಹಿಟ್ಟಿನ ಉಂಡೆ. ನಿಮ್ಮ ಮೀನು ಚಾಚಿಯ ಒಲೆಗೆ, ನನ್ನದು ಮತ್ತೆ ನೀರಿಗೆ. ಪ್ರತಿ ಸಲವೂ ನಾನು ಗಾಳವನ್ನು ಕಲ್ಲಿಗೋ ಕಳೆಗೋ ಸಿಕ್ಕಿಸಿ ಕಳೆದುಕೊಳ್ಳುತ್ತಿದ್ದೆ. ಪ್ರತಿ ಸಲವೂ ನೀವು ಹೊಸದೊಂದನ್ನು ಉಜ್ಜಿ ತರುತ್ತಿದ್ದಿರಿ.

ಬೀದರಿನ ತರಬೇತಿಯಿಂದ ಬಂದ ದಿನ ನನಗೆ ಕೃತಕ ಬುದ್ಧಿಮತ್ತೆಯ ಹುಚ್ಚೇ ಹಿಡಿದಿತ್ತು. ನೀವು ನಗಲಿಲ್ಲ, ಬೈಯಲಿಲ್ಲ. "ಕಲೀರಿ, ಕಲೀಬೇಕು. ಆದ್ರ ಒಂದ್ ಐತವಾರ ಮಿಷನ್ನಿಗೆ, ಒಂದ್ ಐತವಾರ ನೀರಿಗೆ. ಇಲ್ಲಂದ್ರ ಕೈ ಮರೀತಾವ್ರಿ." ಭಾನುವಾರಗಳ ಆ ಕರಾರಿಗೆ ಹೂಂ ಎಂದವನೂ ನಾನೇ, ಮುರಿದವನೂ ನಾನೇ. ಮೊದಲ ಸಲ ಪರೀಕ್ಷೆ ಇದೆ ಎಂದು ಫೋನ್ ಮಾಡಿದೆ, ಇರಲಿಲ್ಲ. ಮುಂದಿನ ಸಲ ಔರಾದಿನಿಂದ ಬೀಗರು ಬಂದಿದ್ದಾರೆ ಎಂದೆ, ಯಾರೂ ಬಂದಿರಲಿಲ್ಲ. ಮೂರನೆಯ ಸಲ ನಿಮ್ಮ ಫೋನನ್ನು ಎತ್ತಲೇ ಇಲ್ಲ, ಮಿಷನ್ನಿನ ಮುಂದೆ ಕೂತಿದ್ದೆ. ಅದೇ ವಾರ, ಗುರುವಾರ, ನಿಮ್ಮ ಎದೆ...

ಶೋಕಸಭೆಯ ಮುಂಜಾನೆ ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಲು ಕೂತೆ. ಬರಲಿಲ್ಲ. ಬಡಗಿ ಮಾಸ್ತರ್, ಮೀನು ಹಿಡಿಯುವ ಗೆಳೆಯ, ಭಾಷಣ ಬರೆದುಕೊಡು ಎಂದು ಮಿಷನ್ನಿಗೆ ಹೇಳಿ, ಬಂದದ್ದನ್ನು ಓದದೆ ಮುದ್ರಿಸಿಕೊಂಡು ಹೋದೆ. ಪರೀಕ್ಷಿಸದೆ ಬಳಸಬೇಡಿ ಎಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದ್ದೇನೆ, ಪಾಠ ಮಾತ್ರ...

"ಅವರು ಹಿಡಿದ ಮೀನಿನ ಸಾರಿನ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ." ಲಿಂಗ ಕಟ್ಟಿದವನು, ಮೈಕಿನಲ್ಲಿ ಓದಿಬಿಟ್ಟೆ! ಹಿಂದೆ ಯಾರೋ ಕಿಸಕ್ಕೆಂದರು. ಅಲ್ಲೇ ಹಾಳೆ ಮಡಚಬೇಕಿತ್ತು. ಮಡಚಲಿಲ್ಲ. "ಕೊನೆಯ ಭಾನುವಾರದವರೆಗೂ ನಾನು ಅವರ ಪಕ್ಕದಲ್ಲಿ ಕೂತಿದ್ದೆ" ಎಂಬುದನ್ನೂ ಓದಿದೆ. ಥೂ! ಸಾರಿನ ಸುಳ್ಳು ಬೇಕಾದರೆ ಮಿಷನ್ನಿನದು ಎನ್ನಿ. ಈ ಸಾಲು ಬಾಯಿಗೆ ಬರುವ ಮೊದಲೇ ಕಣ್ಣಿಗೆ ಬಿದ್ದಿತ್ತು ಚಾಚಾ. ಗೊತ್ತಿದ್ದೇ ಓದಿದೆ, ದನಿ ನಡುಗಿಸಿ ಓದಿದೆ.

ಕೆಳಗಿಳಿದರೆ ಹೆಡ್‌ಮಾಸ್ತರರು ಬೆನ್ನು ತಟ್ಟಿದರು. "ಏನ್ ಬರ್ದೀರಿ ಮಾಸ್ತರ್! ಕಣ್ಣಾಗ ನೀರು ಬಂತು." ಇಬ್ಬರು ಆ ಹಾಳೆಯ ಫೋಟೊ ತೆಗೆದುಕೊಂಡರು; ಮುಂದೆ ಯಾರಾದರೂ ಸತ್ತರೆ ಹೆಸರು ಬದಲಿಸಿ ಓದಲಿಕ್ಕಿರಬೇಕು. ಆದರೂ ಕೈಮುಗಿದು ಥ್ಯಾಂಕ್ಸ್ ಎಂದೆನಲ್ಲ, ಎಂಥ ನಾಲಿಗೆ ಇದು?

ಕೊನೆಗೆ ಚಾಚಿ ಬಂದರು. ನಿಮ್ಮ ತಗಡಿನ ಡಬ್ಬಿ ನನ್ನ ಕೈಗಿಟ್ಟರು. ಒಳಗೆ ಮುಳ್ಳು ಉಜ್ಜಿದ ಮೂರು ಗಾಳ. "ಮೂರು ಐತವಾರದವ್ರಿ ಇವು. ನಿಮ್ಮ ಫೋನ್ ಬಂದ್ರೂ, ನೀವು ಫೋನ್ ಎತ್ತದಿದ್ರೂ ಬಸ್‌ಸ್ಟ್ಯಾಂಡಿನಾಗ ಎರಡು ತಾಸು ಕುಂದರ್ತಿದ್ರು, ಬಂದ್ರೂ ಬಂದಾರು ಅಂತ." ಆಮೇಲೆ ಕೇಳಿದರು: "ಸಾರು ಉಂಡೀನಿ ಅಂದ್ರಿ, ನಗು ಬಂತು. ಪಕ್ಕದಾಗ ಕುಂತಿದ್ದೆ ಅಂದ್ರಲ್ಲ, ಅದ್ಯಾಕರಿ?" ಸಿಟ್ಟಿರಲಿಲ್ಲ ಅವರಿಗೆ. ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಿಷನ್ ಬಿಟ್ಟಿಲ್ಲ ಚಾಚಾ. ಬಿಟ್ಟರೆ ನೀವೇ ಬೈಯುತ್ತೀರಿ. ಮೊನ್ನೆಯದು ನೀರಿನ ಐತವಾರ. ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ಕೂತೆ, ಎಷ್ಟು ಉದ್ದವೆಂದು ತಿಳಿಯಲಿಕ್ಕೆ. ಆಮೇಲೆ ಕಾರಂಜಾಕ್ಕೆ ಹೋಗಿ, ರೂಢಿಯಂತೆ ಒಂದು ಗಾಳವನ್ನು ಕಳೆಗೆ ಸಿಕ್ಕಿಸಿ ಕಳೆದೆ. ಡಬ್ಬಿಯಲ್ಲಿ ಇನ್ನು ಎರಡೇ. ಅವು ಮುಗಿದ ಮೇಲೆ ಕಾನಸು ನಾನೇ ಹಿಡಿಯಬೇಕು.

ನೀವು ಕೇಳದ ಸುದ್ದಿ ಒಂದಿದೆ. ಶಾಲೆಯ ವಾರ್ಷಿಕ ಸಂಚಿಕೆಗೆ ಆ ಭಾಷಣ ಬೇಕೆಂದರು. ಕೊಡಲಿಲ್ಲ. ಕೈಯಾರೆ ಬೇರೆ ಬರೆದು, ಮೊದಲು ಚಾಚಿಗೆ ಓದಿ, ನಿನ್ನೆ ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಬಂದೆ. ಅದು ಶುರುವಾಗುವುದು ಹೀಗೆ: "ಮೂರು ಭಾನುವಾರ ಅವರು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾದರು. ನಾನು ಮನೆಯಲ್ಲೇ ಇದ್ದೆ."

ನಿಮ್ಮ
ಮಾಸ್ತರ್