ಗಿರಿಕುಂಕುಮಕ್ಕೆ ಬಣ್ಣ ಬಳಿದ ಫೋನು

ದುಬಾರಿ ಫೋನು ಮಾರುವ ಕಂಪನಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಒಂದು ಲಕ್ಷ ಇಪ್ಪತ್ತೈದು ಸಾವಿರ ರೂಪಾಯಿಗೆ ನೀವು ಮಾರಿದ ಫೋನು ಕೆಂಪು ಸೀರೆಯನ್ನು ಅದರದೇ ಕೆಂಪಿನಲ್ಲಿ ತೋರಿಸುವುದಿಲ್ಲ. ನನ್ನ ದೂರು ಇಷ್ಟೇ. ನಿಮ್ಮ ಗ್ರಾಹಕ ಸೇವೆಗೆ ನಾಲ್ಕು ಸಲ ತಿಳಿಸಿದೆ. ನಾಲ್ಕು ಸಲವೂ ನನ್ನ ತಾಳ್ಮೆಗೆ ಧನ್ಯವಾದ ಹೇಳಿದರು. ಆ ತಾಳ್ಮೆ ಈಗ ಮುಗಿದಿರುವುದರಿಂದ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಇಲಕಲ್ಲಿನವಳು, ಮನೆಯಿಂದಲೇ ಸೀರೆ ಮಾರುತ್ತೇನೆ. ನೇಕಾರರಿಂದ ತಂದ ಸೀರೆಯ ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಹಾಕಿ, ಬೇಕೆಂದವರಿಗೆ ಕಳಿಸುತ್ತೇನೆ. ಆರು ವರ್ಷ ಈ ವ್ಯಾಪಾರ ಹನ್ನೊಂದು ಸಾವಿರದ ಫೋನಿನಲ್ಲೇ ನಡೆಯಿತು. ಕಳೆದ ವರ್ಷ ನಿಮ್ಮ ಜಾಹೀರಾತು ಕಣ್ಣಿಗೆ ಬಿತ್ತು: ಇನ್ನೂರು ಮೆಗಾಪಿಕ್ಸೆಲ್ ಕ್ಯಾಮೆರಾ, ಟೈಟಾನಿಯಂ ಚೌಕಟ್ಟು, ವರ್ಷದ ನಂತರ ಮರಳಿಸಿ ಹೊಸದು ಕೊಂಡರೆ ಹಳೆಯದಕ್ಕೆ ಅರ್ಧ ಬೆಲೆ. ಹುನಗುಂದದಲ್ಲಿ ಗಡಿಯಾರ ರಿಪೇರಿ ಮಾಡುವ ನನ್ನ ಗಂಡ ಮುಕ್ತಾರ, ಇಷ್ಟು ದುಡ್ಡಿಗೆ ಒಂದು ಬೈಕೇ ಬರುತ್ತದೆ ಎಂದರು. ಬೈಕಿನಿಂದ ಫೋಟೊ ತೆಗೆಯಲು ಬರುವುದಿಲ್ಲವೆಂದು ಅವರ ಬಾಯಿ ಮುಚ್ಚಿಸಿದೆ. ಟೈಟಾನಿಯಂ ಚೌಕಟ್ಟನ್ನು ಅದೇ ಸಂಜೆ ಬಸ್ ಸ್ಟ್ಯಾಂಡಿನ ನೂರೈವತ್ತು ರೂಪಾಯಿಯ ರಬ್ಬರ್ ಕವರಿನಲ್ಲಿ ಮುಚ್ಚಿಟ್ಟೆ. ಕವರು ಹಾಕಿ ಮುಚ್ಚಲೇಬೇಕಾದ ಲೋಹಕ್ಕೆ ಅಷ್ಟೊಂದು ಬೆಲೆ ಏಕೆ, ಮಾನ್ಯರೇ?

ಕಳೆದ ತಿಂಗಳು ಕೆರೂರಿನ ರಮಾಬಾಯಿಯವರು ಮಗಳ ಮದುವೆಗೆಂದು ಫೋಟೊ ನೋಡಿ ಗಿರಿಕುಂಕುಮವೆಂಬ ನಮ್ಮೂರಿನ ಗಾಢ ಕೆಂಪು ಬಣ್ಣದ ಸೀರೆ ತರಿಸಿಕೊಂಡರು. ನಾಲ್ಕೇ ದಿನಕ್ಕೆ ಅದು ಮರಳಿ ಬಂತು. ಫೋಟೊದ ಕಿತ್ತಳೆ ಮಿಶ್ರಿತ ಕೆಂಪಿಗೆ ಹೊಂದುವ ಕುಬಸ ಹೊಲಿಸಿಯಾಗಿದೆ, ಸೀರೆ ನೋಡಿದರೆ ಬೇರೆಯೇ ಬಣ್ಣ ಎಂದು ಬೇಸರದಿಂದ ಹೇಳಿದರು.

ಅದನ್ನು ನೇಯ್ದವರು ಹನಮವ್ವಕ್ಕ. ನೂಲಿಗೆ ಬಣ್ಣ ಹಾಕಿಸುವಾಗ ಖುದ್ದು ಎದುರಿಗೆ ನಿಲ್ಲುವ ಹೆಂಗಸು. ಸುದ್ದಿ ಕೇಳಿ ಎರಡು ದಿನ ಮಗ್ಗದ ಕುಣಿಗೆ ಇಳಿಯಲಿಲ್ಲ. ನಾನು ಹೋದಾಗ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಮೂವತ್ತ ವರ್ಷದಾಗ ನನ್ನ ಸೀರಿ ತಿರುಗಿ ಬಂದಿದ್ದಿಲ್ಲ, ಜುಲೇಖಾ. ಕಣ್ಣ ಮಂಜಾದ್ವು ಅನಸ್ತೈತಿ. ಇನ್ನ ಮಗ್ಗ ಸಾಕ ಮಾಡ್ತೇನಿ."

ಸೀರೆಯ ಪಕ್ಕದಲ್ಲಿ ಫೋನು ಹಿಡಿದು ನೋಡಿದಾಗಲೇ ನನಗೆ ತಿಳಿದದ್ದು: ಸೀರೆ ಸರಿಯಾಗಿತ್ತು, ಫೋನೇ ಅದಕ್ಕೆ ಮೇಕಪ್ಪು ಮಾಡಿತ್ತು. ಮನೆಗೆ ಓಡಿ ಹಳೆಯ ಫೋನು ತಂದು ಅದರಲ್ಲೂ ತೆಗೆದೆ. ಗಾಜು ಬಿರುಕು ಬಿಟ್ಟ ಆ ಫೋನಿನಲ್ಲಿ ಗಿರಿಕುಂಕುಮ ಗಿರಿಕುಂಕುಮವಾಗಿಯೇ ಬಂತು. ಆದರೂ ಹನಮವ್ವಕ್ಕ ನಂಬಲಿಲ್ಲ. "ಲಕ್ಷದ ಫೋನ ಸುಳ್ಳ ಹೇಳತೈತೇನ?" ಎಂದು ಕೇಳಿದರು.

ನನ್ನನ್ನು ಚುಚ್ಚಿದ್ದು ಆ ಮಾತು. ಬೆಲೆ ದೊಡ್ಡದಾದರೆ ಯಂತ್ರವನ್ನೇ ನಂಬಿ, ನುರಿತ ಕಣ್ಣು ತನ್ನ ಮೇಲೆಯೇ ಅನುಮಾನ ಪಡಬೇಕೆ? ಇಷ್ಟು ಹಣ ತೆಗೆದುಕೊಂಡ ಮೇಲೆ ಕಂಡದ್ದನ್ನು ಕಂಡ ಹಾಗೆ ತೋರಿಸುವ ಕನಿಷ್ಠ ಸೌಜನ್ಯ ನಿಮ್ಮ ಯಂತ್ರಕ್ಕೆ ಬೇಡವೆ?

ಮರುದಿನ ಬಾಗಲಕೋಟೆಯ ನಿಮ್ಮ ಸೇವಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ವಿನಯವಂತರು. ಬಣ್ಣ ತಿದ್ದುವುದು ದೋಷವಲ್ಲ, ಸೌಲಭ್ಯ; ಅದನ್ನು ಪೂರ್ತಿ ನಿಲ್ಲಿಸುವ ಗುಂಡಿ ಹೊಸ ಮಾದರಿಯಲ್ಲಿದೆ ಎಂದರು. ಅಂದರೆ ಫೋನು ಸುಮ್ಮನಿರಲು ಕಲಿಯಬೇಕಾದರೆ ನಾನು ಇನ್ನೊಂದು ಕೊಳ್ಳಬೇಕು. ಆಗಲಿ ಎಂದು ಅಪ್‌ಗ್ರೇಡ್ ಕೇಳಿದೆ. ಕವರು ಬಿಚ್ಚಿದರು, ವರ್ಷದ ಮೇಲೆ ಟೈಟಾನಿಯಂ ದರ್ಶನವಾಯಿತು. ಕವರಿನೊಳಗೆ ಸೇರಿದ್ದ ಮರಳಿನಿಂದ ಮೂಲೆಯಲ್ಲೊಂದು ಗೀರು ಬಿದ್ದಿತ್ತು. ಗೀರಿರುವ ಫೋನಿಗೆ ಅರ್ಧ ಬೆಲೆ ಸಿಗದು, ಕಾಲು ಸಿಗಬಹುದು; ನಿಯಮದ ಹನ್ನೆರಡನೇ ಪುಟ ನೋಡಿ ಎಂದರು. ನೋಡಿದೆ. ಅಕ್ಷರಗಳು ಇರುವೆ ಸಾಲಿನಷ್ಟಿದ್ದವು. ಓದಲು ನಿಮ್ಮದೇ ಕ್ಯಾಮೆರಾದಿಂದ ದೊಡ್ಡದು ಮಾಡಿಕೊಂಡೆ. ಆ ಕೆಲಸವನ್ನು ಅದು ಅದ್ಭುತವಾಗಿ ಮಾಡಿತೆಂದು ಒಪ್ಪಿಕೊಳ್ಳುತ್ತೇನೆ.

ಒಂದು ಉಪಕಾರವಂತೂ ಆಯಿತು. ಫೋನೇ ಬಣ್ಣ ತಿದ್ದುತ್ತದೆಂದು ಅವರಿಂದ ಒಂದು ಸಾಲು ಬರೆಸಿಕೊಂಡು ಬಂದೆ. ಅದನ್ನು ಓದಿ ಹೇಳಿದ ಮೇಲೆ ಹನಮವ್ವಕ್ಕ ಎದ್ದು ಸೀರೆ ಚೀಲಕ್ಕೆ ಹಾಕಿ, "ನಡಿ, ಕೆರೂರಿಗೆ ಹೋಗೂಣು" ಎಂದರು. ಬಾದಾಮಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ರಮಾಬಾಯಿಯವರ ಮನೆ ಮುಟ್ಟಿದೆವು. ಹನಮವ್ವಕ್ಕ ಅಂಗಳದ ಬಿಸಿಲಿನಲ್ಲಿ ಸೀರೆ ಹರವಿದರು. ಮದುಮಗಳು ಹೊರಬಂದು ಸೆರಗನ್ನು ಹೆಗಲ ಮೇಲೆ ಹಾಕಿಕೊಂಡಳು, ಮತ್ತೆ ತೆಗೆಯಲಿಲ್ಲ.

"ಯವ್ವಾ, ಫೋಟೊದಾಗಿನ ಸೀರಿ ಯಾರರ ಉಟ್ಕೊಳ್ಳಿ. ನನಗ ಇದ ಬೇಕು."

ರಮಾಬಾಯಿಯವರು ನಕ್ಕರು. ಹೊಂದುವ ಕುಬಸದ ಬಟ್ಟೆಯನ್ನು ನಾನು ಕೊಡುವುದಾಗಿ ಒಪ್ಪಿದೆ. ಮರಳುವಾಗ ಗುಡೂರು ದಾಟುವವರೆಗೂ ಹನಮವ್ವಕ್ಕ ಮುಂದಿನ ಸೀರೆಯ ಅಂಚಿನ ಬಗ್ಗೆಯೇ ಮಾತಾಡಿದರು. ಮರುದಿನ ಬೆಳಿಗ್ಗೆ ಮಗ್ಗದ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಬಣ್ಣ ತಿದ್ದುವುದನ್ನು ನಿಲ್ಲಿಸುವ ಗುಂಡಿಯನ್ನು ಈಗಾಗಲೇ ಮಾರಿರುವ ಫೋನುಗಳಿಗೂ ಪುಕ್ಕಟೆ ಕೊಡಿ. ಅರ್ಧ ಬೆಲೆಯೆಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತೀರೋ, ಗೀರಿನ ನಿಯಮವನ್ನೂ ಅಷ್ಟೇ ದಪ್ಪಗೆ, ಕನ್ನಡದಲ್ಲಿ ಬರೆಯಿರಿ. ಮುಂದಿನ ಮಾದರಿ ಮಾರುಕಟ್ಟೆಗೆ ಬಿಡುವ ಮೊದಲು ಒಂದು ದಿನ ಇಲಕಲ್ಲಿಗೆ ತನ್ನಿ. ಹನಮವ್ವಕ್ಕ ಪರೀಕ್ಷೆ ಮಾಡಿ ಪಾಸೋ ನಪಾಸೋ ಹೇಳುತ್ತಾರೆ.

ಇಂತಿ,
ನಿಮ್ಮ ಫೋನನ್ನು ಹೊಗಳಲಾಗದ, ಗೀರು ಬಿದ್ದದ್ದರಿಂದ ಮರಳಿಸಲೂ ಆಗದ,
ಜುಲೇಖಾ, ಇಲಕಲ್ಲ