ಬಸ್ಸಿನವನು ಮಾಡಿದ ಜೀಪಿನ ಬಂಪರ್

ಕಾವೂರು, ಮಂಗಳೂರು
14-9-2025, ಆದಿತ್ಯವಾರ

ಪ್ರೀತಿಯ ಪುಳ್ಳಿ ನಿರೀಕ್ಷಾ,

ಹೇಗಿದ್ದೀ ಮಗಾ? ಹಡಗಿನಲ್ಲಿ ವಾಂತಿ ನಿಂತಿತೇ? ನಿದ್ರೆ ಬರುತ್ತದೆಯೇ? ಮೊನ್ನೆ ಫೋನಿನಲ್ಲಿ ನೀನು "ಅನ್ನ ಉಂಟು ಅಜ್ಜ, ಸಾರಿಗೆ ಮಾತ್ರ ರುಚಿ ಇಲ್ಲ" ಎಂದದ್ದೇ ತಡ, ನಿನ್ನ ಅಜ್ಜಿ ಅಮ್ಮಣಿ ಹಪ್ಪಳ, ಉಪ್ಪಿನಕಾಯಿ ಕಟ್ಟಲು ಶುರು ಮಾಡಿದ್ದಾಳೆ. ನಿಮ್ಮ ಹಡಗಿನಲ್ಲೇ ಕೆಲಸಕ್ಕೆ ಸೇರಲು ಹೊರಟಿರುವ ಚಿತ್ತರಂಜನ ಸಂಜೆ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬಂದು ಗಂಟು ತೆಗೆದುಕೊಂಡು ಹೋಗುತ್ತಾನೆ, ಜೊತೆಗೆ ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು "ಹೂಂ ಅಜ್ಜ" ಎನ್ನುತ್ತೀ, ನಾನು ಮಳೆಯ ವಿಷಯ ಮಾತಾಡಿ ಇಟ್ಟುಬಿಡುತ್ತೇನೆ. ನನ್ನ ಆರೋಗ್ಯಕ್ಕೆ ಏನೂ ಕೇಡಿಲ್ಲ. ಮೊಣಕಾಲು ಆಗಾಗ ತಕರಾರು ಮಾಡುತ್ತದೆ, ನಾನೂ ಅದರ ಮಾತು ಕೇಳುವುದಿಲ್ಲ. ಅಮ್ಮಣಿ ಪಕ್ಕದಲ್ಲೇ ಕೂತು ನಾನು ಬರೆದದ್ದನ್ನೆಲ್ಲ ಓದುತ್ತಿದ್ದಾಳೆ, ನಿನಗೆ ಆಶೀರ್ವಾದ ಹೇಳಿದ್ದಾಳೆ.

ಈಗ ಜೀಪಿನ ವಿಷಯ. ಜುಲೈಯಲ್ಲಿ ಕೆಸರಿನಲ್ಲಿ ಜೀಪು ಓಡಿಸುವ ಆ ಸ್ಪರ್ಧೆಯ ದಿನ ನಾನು ಆಡಿದ ಮಾತು ನಿನಗೂ ಮರೆತಿರಲಿಕ್ಕಿಲ್ಲ, ನನಗಂತೂ ಮರೆತಿಲ್ಲ. ನಿನ್ನ ಜೀಪು ಹೊಂಡದಲ್ಲಿ ಹೂತಿತು. ನಿನ್ನ ಗೆಳೆಯ ಶೆರ್ವಿನ್ ತನ್ನ ಗಾಡಿಗೆ ಹಗ್ಗ ಕಟ್ಟಿ ಹಿಂದಕ್ಕೆ ಎಳೆದ. ಹಿಂದಿನ ಬಂಪರ್ ಬುಡಸಮೇತ ಕಿತ್ತು ಹಾರಿ ಅವನ ಗಾಡಿಯ ಗಾಜಿಗೆ ಬಡಿಯಿತು. ಹಿಡಿತ ತಪ್ಪಿದ ನಿನ್ನ ಜೀಪು ಇನ್ನೂ ಕೆಳಗೆ ಜಾರಿ ಬಾಗಿಲವರೆಗೆ ಮುಳುಗಿತು. ದೇವರ ದಯೆ, ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ನೀನು ಕಿಟಕಿಯಿಂದ ಹೊರಬಂದು ಮುಖದ ಕೆಸರು ಒರೆಸಿಕೊಳ್ಳುವ ಮೊದಲೇ ನಾನು ಅಷ್ಟೂ ಜನರ ಎದುರು "ಹೆಣ್ಣು ಹುಡುಗಿಗೆ ಎಂತಕ್ಕೆ ಈ ಹುಚ್ಚು? ಇನ್ನು ಇದನ್ನು ಮುಟ್ಟಿದರೆ ನನ್ನ ಮುಖ ನೋಡ್ಬೇಡ!" ಎಂದು ಕೂಗಿದೆ. ನೀನು ಎದುರಾಡಲಿಲ್ಲ. "ಆಯ್ತು ಅಜ್ಜ, ರಜೆಗೆ ಬಂದಾಗ ಮಾರ್ತೇನೆ" ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಹಡಗಿನ ಕೆಲಸಕ್ಕೆ ಹೋದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ವೆಲ್ಡರ್, ಬೆಸುಗೆ ಹಾಕಿಯಾದರೂ ಕೂರಿಸಲು ನೋಡುತ್ತಿದ್ದೇನೆ.

ನೀನು ಹಡಗಿಗೆ ಹೋದ ವಾರವೇ ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಆ ಹರಿದ ಬಂಪರನ್ನು ಗುಜರಿಗೆ ಕೊಡಲೆಂದು ಎತ್ತಿದೆ. ಒಂದೇ ಕೈಯಲ್ಲಿ ಬಂತು! ಎಣ್ಣೆ ಡಬ್ಬದಷ್ಟು ತೆಳು ತಗಡು, ಹೊರಗೆ ಮಾತ್ರ ದಪ್ಪ ಬಣ್ಣ. ಹಗ್ಗ ಕಟ್ಟಿದ ಕೊಂಡಿ ಆ ತಗಡಿಗೇ ಎರಡು ಚುಕ್ಕೆ ವೆಲ್ಡಿಂಗ್‌ನಲ್ಲಿ ನೇತಾಡುತ್ತಿತ್ತು, ಗಾಡಿಯ ಅಡಿಯ ಚೌಕಟ್ಟಿಗೆ, ಚಾಸಿಗೆ, ಸಂಬಂಧವೇ ಇಲ್ಲ. ಯಾವನೋ ಹಳೆಯ ಮಾಲೀಕ ಚಂದಕ್ಕೆ ಹಾಕಿಸಿದ್ದು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಲವತ್ತೊಂದು ವರ್ಷ ಬಸ್ಸಿನ ಬಾಡಿ ಕಟ್ಟಿದವನು ನಾನು. ನೀನು ಜೀಪು ತಂದ ದಿನ ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು. ಹುಡುಗಿ ಜೀಪು ತಂದಳೆಂಬ ಸಿಟ್ಟಿನಲ್ಲಿ ನಾನು ಅದರ ಹತ್ತಿರವೂ ಹೋಗಲಿಲ್ಲ. ತಪ್ಪು ನಿನ್ನ ಚಾಲನೆಯದ್ದಲ್ಲ ಮಗಾ, ತಪ್ಪು ಆ ತಗಡಿನದ್ದು, ಅದಕ್ಕಿಂತ ಹೆಚ್ಚು ಬಗ್ಗಿ ನೋಡದ ನನ್ನದು.

ಮರುದಿನವೇ ಜೀಪನ್ನು ಬೋಳಾರದ ಇಸಿದೋರನ ಶೆಡ್ಡಿಗೆ ಒಯ್ದೆ. ನನ್ನ ಜೊತೆ ಮೂವತ್ತು ವರ್ಷ ಒಂದೇ ವರ್ಕ್‌ಶಾಪಿನಲ್ಲಿ ದುಡಿದ ಇಸಿದೋರ್ ಈಗ ಗೇಟು, ಕಿಟಕಿ ಸರಳು ಮಾಡಿಕೊಂಡಿದ್ದಾನೆ. ವಿಷಯ ಕೇಳಿ, "ಗೇಟು ಮಾಡಿ ಮಾಡಿ ನನಗೂ ಬೇಜಾರಾಗಿದೆ ಚೆನ್ನಪ್ಪಣ್ಣ, ಕಬ್ಬಿಣ ಇಳಿಸಿ" ಎಂದ. ಫ್ರಿಜ್ಜಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ಅಳತೆ ತೆಗೆದೆವು. ಐದು ಮಿಲಿಮೀಟರ್ ದಪ್ಪದ ಪ್ಲೇಟು, ಮೊದಲು ಅಲ್ಲಲ್ಲಿ ಚುಕ್ಕೆ, ಮೂಲೆಮಟ್ಟ ನೋಡಿ ಮತ್ತೆ ಪೂರ್ತಿ ಬೆಸುಗೆ. ಕೊಂಡಿಗೆ ನನ್ನ ಹೆಬ್ಬೆರಳಷ್ಟು ದಪ್ಪದ ಪ್ಲೇಟು. ಅದನ್ನು ಬಂಪರಿನ ಆಚೆ ಹಾಯಿಸಿ ಒಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ಎರಡೂ ಬದಿ ಚಾಸಿಗೆ ಬೋಲ್ಟ್ ಮಾಡಿದೆವು. ಕೊಂಡಿಯ ಬೆಸುಗೆ ಮಾತ್ರ ನಾನು ಯಾರಿಗೂ ಬಿಡಲಿಲ್ಲ. ಮೊದಲ ದಿನ ಬೆಸುಗೆ ಗೆರೆ ಬಿಟ್ಟು ಓಡಿತು. ಇಸಿದೋರ್ ನಾಲ್ಕು ಗುಜರಿ ತುಂಡು ತಂದು ಎದುರಿಟ್ಟ. ಮೂರು ದಿನ ಅವುಗಳ ಮೇಲೆ ಅಭ್ಯಾಸ ಮಾಡಿದ ಮೇಲೆ ಕೈ ಮಾತು ಕೇಳಿತು.

ಇನ್ನು ನಗಬೇಡ. ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಬಣ್ಣ ಕೊಟ್ಟು, ಹೆಮ್ಮೆಯಿಂದ ಶೆರ್ವಿನ್‌ನನ್ನು ಕರೆದುಕೊಂಡು ಕಡಲ ಬದಿಯ ಬೆಂಗ್ರೆಯ ಮರಳಿಗೆ ಹೋದೆವು. ದಿಬ್ಬದಿಂದ ಇಳಿಯುವಾಗ ಮುಂದಿನ ಚಕ್ರ ಚಂದವಾಗಿ ಇಳಿಯಿತು, ಹಿಂದಿನಿಂದ ಬರ್‍ರೆಂದು ಸದ್ದು. ನೋಡಿದರೆ ನಮ್ಮ ಬಂಪರ್ ಮೊರದ ಹಾಗೆ ಅರ್ಧ ಬುಟ್ಟಿ ಮರಳು ಗೋರಿಕೊಂಡಿದೆ. ಶೆರ್ವಿನ್ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಅಜ್ಜ, ಇದು ಎಕ್ಸ್‌ಪ್ರೆಸ್ ಬಸ್ಸಿನ ಬಂಪರ್ ಆಯ್ತು ಮಾರಾಯ್ರೆ! ಕಂಡಕ್ಟರ್ ಎಲ್ಲಿ?" ಎಂದ. ಹೌದಲ್ಲ! ಬಸ್ಸಿನ ಹಿಂದೆ ಬಂಪರ್ ಕೆಳಗೆ ಇಳಿದಿರಬೇಕು, ಸ್ಕೂಟರಿನವನು ಅಡಿಗೆ ನುಗ್ಗಬಾರದು. ಸಾಮಾನು ಹೇರಲು ಹಿಂದಿನ ಏಣಿ ಹತ್ತುವವನ ಕಾಲಿಗೆ ಎರಡು ಗೇಣು ಜಾಗವೂ ಬೇಕು. ನಾವಿಬ್ಬರು ಮುದುಕರು ಯೋಚನೆಯೇ ಮಾಡದೆ ಅದೇ ಅಳತೆಗೆ ಕಟ್ಟಿದ್ದೆವು. ದಿಬ್ಬ ಇಳಿಯುವ ಗಾಡಿಗೆ ಹಿಂಭಾಗ ಮೇಲಕ್ಕೆ ಎತ್ತಿಕೊಂಡಿರಬೇಕಂತೆ. ಹುಟ್ಟುಗುಣ ಸುಟ್ಟರೂ ಹೋಗದು. ಮರಳಿ ಬಂದು, ಬಣ್ಣ ಆರಿದ ಬಂಪರಿನ ಅಡಿಯನ್ನು ಎರಡೂ ಮೂಲೆಯಲ್ಲಿ ಓರೆಯಾಗಿ ಕತ್ತರಿಸಿದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮತ್ತೆ ಎಂಟು ದಿನದ ಕೆಲಸ. ನಿಜ ಹೇಳುತ್ತೇನೆ, ಆ ಎಂಟು ದಿನ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಉಂಟಲ್ಲ ಎಂದು ನಾನು ಒಳಗೊಳಗೇ ಸಂತೋಷಪಟ್ಟೆ.

ಉಳಿದದ್ದು ಪರೀಕ್ಷೆ. ನಮ್ಮ ವರ್ಕ್‌ಶಾಪಿನ ಧಣಿಗಳದ್ದು ಒಂದು ನಿಯಮ ಇತ್ತು: ಬಸ್ಸಿನ ಏಣಿಗೆ ಬೆಸುಗೆ ಹಾಕಿದವನೇ ಬೆನ್ನಿಗೆ ಅಕ್ಕಿಮೂಟೆ ಹೊತ್ತು ಅದನ್ನು ಮೊದಲು ಹತ್ತಬೇಕು. ಅದರಿಂದಾಗಿ ನಾವು ಯಾರೂ ಕಳ್ಳ ಬೆಸುಗೆ ಹಾಕಲಿಲ್ಲ. ಮೊನ್ನೆ ಶುಕ್ರವಾರ ಬೆಂಗ್ರೆಯ ನದಿ ಬದಿಯ ಕೆಸರಿನಲ್ಲಿ ಜೀಪನ್ನು ಬೇಕೆಂದೇ ಹೂತೆವು. ದೋಣಿ ಎಳೆಯುವ ಟ್ರ್ಯಾಕ್ಟರ್ ಇರುವ ಸಾಜಿದಾ ಎಂಬವರು ತಾವೇ ಬಂದು ಹಿಂದಿನಿಂದ ಎಳೆದರು. ಜೀಪಿನೊಳಗೆ ಇಸಿದೋರ್ ಕೂತಿದ್ದ, ನಾನು ದೂರ ನಿಂತಿದ್ದೆ. ಕೊಂಡಿಗೆ ಕಟ್ಟಿದ ಎಳೆಯುವ ಬೆಲ್ಟು ಬಿಗಿಯಾಯಿತು, ಟ್ರ್ಯಾಕ್ಟರ್ ಎರಡು ಸಲ ತಿಣುಕಿತು, ಜೀಪು ಕದಲಲಿಲ್ಲ. ಮೂರನೆಯ ಸಲ ಕೆಸರು ಕಕ್ಕಿ ಇಡೀ ಜೀಪು ಹೊರಗೆ ಬಂತು. ಕೊಂಡಿ ಕೂದಲೆಳೆಯಷ್ಟೂ ಬಾಗಲಿಲ್ಲ. ಸಾಜಿದಾ ಅವರಿಗೆ ಡೀಸೆಲಿನ ಖರ್ಚಾದರೂ ಕೊಡುತ್ತೇನೆಂದರೆ, "ಎಂತದೂ ಬೇಡ, ಆ ಹುಡುಗಿ ಬಂದಾಗ ಒಮ್ಮೆ ಇಲ್ಲಿಗೆ ಕಳಿಸಿ, ನೋಡ್ಬೇಕು" ಎಂದರು. ಈ ಬಂಪರ್ ಸ್ಪರ್ಧೆಯ ಮೈದಾನಕ್ಕೆ ಮಾತ್ರ, ರಸ್ತೆಗೆ ಬೇರೆ ಉಂಟು. ಆರು ಬೋಲ್ಟ್ ಬಿಚ್ಚಿದರೆ ಕಳಚುತ್ತದೆ.

ಇಷ್ಟು ಜನ ನನ್ನಂಥ ಮುಂಗೋಪಿಯ ಜೊತೆ ಯಾಕೆ ನಿಂತರೋ ನನಗೆ ಗೊತ್ತಿಲ್ಲ. ಇಸಿದೋರ್ ತನ್ನ ಗೇಟಿನ ಗಿರಾಕಿಗಳನ್ನು ಕಾಯಿಸಿದ. ಶೆರ್ವಿನ್ ತನ್ನ ಒಡೆದ ಗಾಜಿನ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ನಿನ್ನ ಅಜ್ಜಿ ದಿನಾ ಬುತ್ತಿ ಕಟ್ಟಿದಳು, ಬೈಯುತ್ತಲೇ ಕಟ್ಟಿದಳು. ಎಲ್ಲರಿಗಿಂತ ಹೆಚ್ಚು ಋಣ ನಿನ್ನದು. ನಾನು ಅಷ್ಟು ಜನರ ಎದುರು ಬೈದರೂ ನೀನು ಕೀಲಿಯನ್ನು ಎಸೆಯದೆ ನನ್ನ ಕೈಯಲ್ಲಿಟ್ಟೆ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆವತ್ತು ಆಡಿದ ಮಾತು ತಪ್ಪು ಮಗಾ. ಜೀಪು ಮಾರುವ ಯೋಚನೆ ಬಿಡು.

ಡೆಕ್ಕಿನಲ್ಲಿ ನಡೆಯುವಾಗ ಕಾಲು ಗಟ್ಟಿಯಾಗಿ ಊರು. ಹೊತ್ತಿಗೆ ಸರಿಯಾಗಿ ಉಣ್ಣು. ನೀನಿರುವ ಕಡಲು ಶಾಂತವಾಗಿರಲಿ.

ನಿನ್ನ ದಾರಿ ಕಾಯುತ್ತಿರುವ,
ಅಜ್ಜ ಚೆನ್ನಪ್ಪ

ತಾ.ಕ.: ಚಿತ್ತರಂಜನ ಗೇಟಿಗೆ ಬಂದಾಯಿತು, ಅಮ್ಮಣಿ ಗಂಟು ತರಲು ಒಳಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಜೀಪಿನೊಳಗೆ ಕೂತದ್ದು ಇಸಿದೋರ್ ಅಲ್ಲ, ನಾನು. ಬೆಸುಗೆ ಹಾಕಿದವನೇ ತಾನೇ ಕೂರಬೇಕು? ಬೆಲ್ಟು ಬಿಗಿಯಾದಾಗ ಹೆದರಿಕೆಯಿಂದ ಕಣ್ಣು ಮುಚ್ಚಿದ್ದೆ. ಹೊರಗೆ ಬಂದಾಗ ಮೈಯೆಲ್ಲ ಕೆಸರು, ನಾನು ಮಕ್ಕಳ ಹಾಗೆ ಕೇಕೆ ಹಾಕಿ ನಗುತ್ತಿದ್ದೆ ಎಂದು ಶೆರ್ವಿನ್ ಹೇಳಿದ. ನೀನು ಆ ಕೆಸರಿಗೆ ಎಂತಕ್ಕೆ ಹೋಗುತ್ತೀ ಎಂದು ನನಗೆ ಎಪ್ಪತ್ತೆರಡನೇ ವರ್ಷದಲ್ಲಿ ಗೊತ್ತಾಯಿತು. ಮುಂದಿನ ಮಳೆಗಾಲದ ಸ್ಪರ್ಧೆಗೆ ನಿನ್ನ ಪಕ್ಕದ ಸೀಟಿಗೆ ನನ್ನ ಹೆಸರು ಬರೆಯಲು ಶೆರ್ವಿನ್‌ಗೆ ಹೇಳಿದ್ದೇನೆ. ಅಜ್ಜಿಗೆ ಹೇಳಬೇಡ. ಜೀಪು ಮಾರಿದರೆ ನಾನು ಎಲ್ಲಿ ಕೂರುವುದು ಮಗಾ?